ಯಂತ್ರದೊಳಗಿನ ನೀರುಗಂಟಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವದ ವೇದಿಕೆಯಲ್ಲಿ ಸಾಹಿತ್ಯವನ್ನು ಕುರಿತೋ ನಾಡಿನ ಇತಿಹಾಸವನ್ನು ಕುರಿತೋ ಮಾತನಾಡುವುದು ರೂಢಿ. ನಾವಾದರೋ ಸಾಹಿತಿಗಳಲ್ಲ. ಈ ಹೊಸೂರು ಸೀಮೆಯ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತು, ಬಳಿಕ ಕಾರ್ಖಾನೆಗಳಲ್ಲಿ ವಿದ್ಯುನ್ಮಾನ ಯಂತ್ರಗಳ ಕೆಲಸವನ್ನು ಕಲಿತ ನಾಲ್ಕೈದು ಮಂದಿ ಗೆಳೆಯರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ತೆಲುಗು, ಕಾರ್ಖಾನೆಯಲ್ಲಿ ಇಂಗ್ಲಿಷು, ಹೀಗೆ ನಮ್ಮ ದಿನ ಸಾಗುತ್ತದೆ. ನಮ್ಮ ಕಸುಬಿನ ಒಂದು ವಿಷಯವನ್ನಾದರೂ ಮನೆಯ ಮಾತಿನಲ್ಲಿ ಹೇಳಬೇಕೆಂಬ ಆಸೆ ಬಹುಕಾಲದಿಂದ ಇತ್ತು. ಸಂಘದವರು ಅದಕ್ಕೆ ಅವಕಾಶವಿತ್ತಿದ್ದಾರೆ. ಅವರಿಗೆ ನಾವು ಕೃತಜ್ಞರು.

ನಾವು ಆರಿಸಿಕೊಂಡಿರುವ ವಿಷಯ ಇದು: ಯಂತ್ರಗಳ ಒಳಗೆ ಹುದುಗಿರುವ ಗಣಕಗಳಿಗೆ ತಕ್ಕ ಕಾರ್ಯವ್ಯವಸ್ಥೆಯನ್ನು ಆರಿಸುವುದು ಹೇಗೆ? ಇಂಗ್ಲಿಷಿನವರು ಇದನ್ನು ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ ಎಂದು ಕರೆಯುತ್ತಾರೆ. ನಾವು ಸಕಾಲ ವ್ಯವಸ್ಥೆ ಎಂದು ಕರೆಯೋಣ. ವಿಷಯ ಒಣಗಿದ್ದೆಂದು ಯಾರೂ ಬೇಸರಪಡಬಾರದು. ಇದರಲ್ಲಿ ಒಂದು ಸುಟ್ಟುಹೋದ ಮೋಟರಿನ ಕಥೆಯುಂಟು, ಚಂದ್ರಲೋಕದ ಕಥೆಯುಂಟು, ಮಂಗಳಗ್ರಹದ ಕಥೆಯೂ ಉಂಟು.

ಗಣಕವೆಂದೊಡನೆ ಮೇಜಿನ ಮೇಲಿನ ಕಂಪ್ಯೂಟರು ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಲೋಕದಲ್ಲಿ ದುಡಿಯುತ್ತಿರುವ ಗಣಕಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುವುದೇ ಇಲ್ಲ. ಬಟ್ಟೆ ಒಗೆಯುವ ಯಂತ್ರದಲ್ಲಿ, ವಿದ್ಯುತ್ ಮೀಟರಿನಲ್ಲಿ, ಆಸ್ಪತ್ರೆಯ ಔಷಧದ ಪಂಪಿನಲ್ಲಿ ಅವು ಅಡಗಿವೆ. ನಮ್ಮ ಊರಿನಲ್ಲಿಯೇ ತಯಾರಾಗುವ ಮೋಟಾರ್ ಸೈಕಲ್ಲನ್ನು ನೋಡಿರಿ. ೧೨೫ ಸಿ.ಸಿ.ಗಿಂತ ದೊಡ್ಡ ಇಂಜಿನ್ನಿನ ದ್ವಿಚಕ್ರ ವಾಹನಗಳಿಗೆ, ಹೊಸ ಮಾದರಿಯಾದರೆ ೨೦೧೮ರ ಏಪ್ರಿಲ್‌ನಿಂದಲೂ, ಉಳಿದವಕ್ಕೆ ೨೦೧೯ರ ಏಪ್ರಿಲ್‌ನಿಂದಲೂ ಎ.ಬಿ.ಎಸ್. ಎಂಬ ಬ್ರೇಕಿನ ಏರ್ಪಾಡು ಭಾರತದಲ್ಲಿ ಕಡ್ಡಾಯವಾಯಿತು. ಚಕ್ರವು ಬಿಗಿದು ನಿಂತು ಜಾರತೊಡಗಿದರೆ, ಒಳಗಿನ ಗಣಕವು ಅದನ್ನರಿತು ಬ್ರೇಕನ್ನು ಕ್ಷಣಕಾಲ ಸಡಿಲಿಸಿ ಮತ್ತೆ ಹಿಡಿಯುತ್ತದೆ. ಗಂಟೆಗೆ ೭೨ ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ೨ ಮೀಟರ್ ಮುಂದೆ ಸಾಗಿರುತ್ತದೆ. ಆದುದರಿಂದ ಈ ಗಣಕವು ಲೆಕ್ಕವನ್ನು ಸರಿಯಾಗಿ ಮಾಡಿದರೆ ಸಾಲದು, ಹೊತ್ತಿಗೆ ಸರಿಯಾಗಿಯೂ ಮಾಡಬೇಕು. ತಡವಾಗಿ ಬಂದ ಸರಿಯುತ್ತರವು ಇಲ್ಲಿ ತಪ್ಪುತ್ತರವೇ ಸರಿ.

ಇಂತಹ ಗಣಕಕ್ಕೆ ಒಂದೇ ಮಿದುಳು, ಕೆಲಸಗಳು ಹಲವು. ಯಾವ ಕೆಲಸಕ್ಕೆ ಯಾವಾಗ ಸರದಿ ಎಂದು ನಿರ್ಣಯಿಸುವವರು ಬೇಕು. ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕೆರೆಗೆ ಒಂದೇ ತೂಬು, ಕೆಳಗೆ ಹತ್ತಾರು ಗದ್ದೆಗಳು. ನಡುವೆ ನಿಂತು ನೀರು ಹಂಚುವವನು ನೀರುಗಂಟಿ. ಸರದಿಯ ಪ್ರಕಾರ ಎಲ್ಲರಿಗೂ ಸಮನಾಗಿ ಹಂಚುವುದು ಒಂದು ನೀತಿ. ಮೇಜಿನ ಮೇಲಿನ ಕಂಪ್ಯೂಟರಿನ ಕಾರ್ಯವ್ಯವಸ್ಥೆ ಹೆಚ್ಚುಕಡಮೆ ಈ ನೀತಿಯದು. ಆದರೆ ಒಬ್ಬನ ಸಸಿಮಡಿ ಈ ಸಂಜೆಯೊಳಗೆ ನೀರು ಕಾಣದಿದ್ದರೆ ಒಣಗಿಹೋಗುತ್ತದೆ, ಇನ್ನೊಬ್ಬನ ಕಬ್ಬು ನಾಡಿದ್ದಿನ ತನಕ ತಾಳುತ್ತದೆ ಎಂದಿಟ್ಟುಕೊಳ್ಳಿ. ಆಗ ಬಲ್ಲ ನೀರುಗಂಟಿ ಸರದಿಯನ್ನು ಮುರಿದು ಸಸಿಮಡಿಗೆ ನೀರು ತಿರುಗಿಸುತ್ತಾನೆ. ಕೆಲಸಗಳ ಆದ್ಯತೆಯನ್ನರಿತು, ನಡೆಯುತ್ತಿರುವ ಸಣ್ಣ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ, ಗಡುವು ಹತ್ತಿರವಾದ ಕೆಲಸಕ್ಕೆ ದಾರಿ ಬಿಡುವವನೇ ಸಕಾಲ ವ್ಯವಸ್ಥೆ. ಅವನು ವೇಗಶಾಲಿಯಾಗಬೇಕೆಂದಿಲ್ಲ. ಕೊಟ್ಟ ಮಾತಿಗೆ ತಪ್ಪದವನಾಗಬೇಕು.

ಈ ತತ್ತ್ವವನ್ನು ನಾವು ಪುಸ್ತಕದಿಂದ ಕಲಿತೆವೆಂದು ಹೇಳಿದರೆ ಸುಳ್ಳಾದೀತು. ನಮ್ಮ ತಪ್ಪಿನಿಂದ ಕಲಿತೆವು. ಕೆಲವು ವರ್ಷಗಳ ಹಿಂದೆ ನಾವೆಲ್ಲ ಸೇರಿ ಕೊಳವೆಬಾವಿಯ ಮೋಟರಿಗೆ ಒಂದು ಕಾವಲುಯಂತ್ರವನ್ನು ಮಾಡಿದೆವು. ಕರೆಂಟು ಬಂದಾಗ ಅದು ಮೋಟರನ್ನು ಚಾಲೂ ಮಾಡಬೇಕು, ಮೂರು ಫೇಸುಗಳ ಕರೆಂಟನ್ನು ಅಳೆಯುತ್ತಿರಬೇಕು, ಒಂದು ಫೇಸು ಹೋದರೆ ಕೂಡಲೇ ಮೋಟರನ್ನು ನಿಲ್ಲಿಸಬೇಕು, ನಡೆದುದನ್ನೆಲ್ಲ ಯಜಮಾನರ ಫೋನಿಗೆ ಸಂದೇಶವಾಗಿ ಕಳುಹಿಸಬೇಕು. ನಮ್ಮಲ್ಲಿ ಒಬ್ಬನ ಚಿಕ್ಕಪ್ಪನವರು ತಳಿಯ ಕಡೆ ತೋಟ ಮಾಡಿಕೊಂಡಿದ್ದಾರೆ. ಹುಡುಗರು ಮಾಡಿದ ಯಂತ್ರವೆಂಬ ಅಭಿಮಾನದಿಂದ ಅವರು ತಮ್ಮ ಮೋಟರಿಗೆ ಅದನ್ನೇ ಹಾಕಿಸಿದರು. ನಾವು ಗರ್ವದಿಂದ ಹಳೆಯ ಸ್ಟಾರ್ಟರಿನ ರಿಲೇಯನ್ನು ಕಳಚಿ ಪಕ್ಕಕ್ಕಿಟ್ಟೆವು.

ನಮ್ಮ ಕಾರ್ಯಕ್ರಮವು ಗಾಣದೆತ್ತಿನಂತೆ ಒಂದೇ ಸುತ್ತು ಸುತ್ತುತ್ತಿತ್ತು. ಮೊದಲು ಅಳತೆ, ಅನಂತರ ನಿರ್ಣಯ, ಅನಂತರ ಸಂದೇಶ, ಮತ್ತೆ ಅಳತೆ. ಮೇಜಿನ ಮೇಲೆ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಇತ್ತು. ಒಂದು ಸಂಜೆ ಕರೆಂಟು ಬಂತು, ಮೋಟರು ಚಾಲೂ ಆಯಿತು. ‘ಮೋಟರು ಚಾಲೂ ಆಗಿದೆ’ ಎಂಬ ಸಂದೇಶವನ್ನು ಕಳುಹಿಸಲು ಯಂತ್ರವು ಹೊರಟಿತು. ತೋಟದಲ್ಲಿ ನೆಟ್‌ವರ್ಕು ಇರಲಿಲ್ಲ. ಯಂತ್ರವು ಕಾದಿತು, ಪುನಃ ಪ್ರಯತ್ನಿಸಿತು, ಪುನಃ ಕಾದಿತು. ಅಷ್ಟರಲ್ಲಿ ಒಂದು ಫೇಸು ಹೋಯಿತು. ಎರಡೇ ಫೇಸಿನ ಮೇಲೆ ಮೋಟರು ನರಳುತ್ತಿರಲು, ಅದನ್ನು ಅಳೆದು ನಿಲ್ಲಿಸಬೇಕಾದ ಯಂತ್ರವು ಫೋನಿನ ಉತ್ತರಕ್ಕಾಗಿ ಕೈಕಟ್ಟಿ ನಿಂತಿತ್ತು. ಕೆಲವೇ ನಿಮಿಷಗಳಲ್ಲಿ ವೈಂಡಿಂಗು ಸುಟ್ಟುಹೋಯಿತು. ಆಳದಿಂದ ಮೋಟರನ್ನು ಎತ್ತಿಸಿ, ರಿಪೇರಿ ಮಾಡಿಸಿ, ಮತ್ತೆ ಇಳಿಸುವ ಹೊತ್ತಿಗೆ ಗಿಡಗಳು ಬಾಡಿದ್ದವು. ಚಿಕ್ಕಪ್ಪನವರು ನಮ್ಮನ್ನು ಬಯ್ಯಲಿಲ್ಲ. ‘ನಿಮ್ಮ ಯಂತ್ರ ಫೋನಿಗೆ ಕಾಯುತ್ತದೆ, ಮೋಟರು ಯಾರಿಗಪ್ಪಾ ಕಾಯುತ್ತದೆ?’ ಎಂದಿಷ್ಟೇ ಕೇಳಿದರು. ಆ ಮಾತು ನಮಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ನಮ್ಮ ಮೊದಲ ಯೋಚನೆ, ಇನ್ನೂ ವೇಗದ ಚಿಪ್ಪನ್ನು ಹಾಕಿದರೆ ಸರಿಹೋಗುತ್ತದೆ ಎಂಬುದು. ಅದು ಶುದ್ಧ ಅವಿವೇಕ. ಹತ್ತು ಪಟ್ಟು ವೇಗದ ಚಿಪ್ಪು ಕೂಡ ಅಷ್ಟೇ ಹೊತ್ತು ಫೋನಿಗೆ ಕಾಯುತ್ತಿತ್ತು. ಕೊರತೆ ಇದ್ದುದು ವೇಗದಲ್ಲಲ್ಲ, ಯಾರಿಗೆ ಮೊದಲು ಎಂಬ ವಿವೇಕದಲ್ಲಿ. ಈ ವಿವೇಕವನ್ನು ಅರಸುತ್ತ ಹೋದಾಗ ಎರಡು ಪ್ರಸಂಗಗಳು ನಮ್ಮ ಕಣ್ಣು ತೆರೆಸಿದವು.

ಮೊದಲನೆಯದು ಚಂದ್ರಯಾನದ ಪ್ರಸಂಗ. ೧೯೬೯ನೆಯ ಇಸವಿ ಜುಲೈ ೨೦ರಂದು ಅಪೊಲೊ ೧೧ರ ನೌಕೆ ಚಂದ್ರನ ನೆಲಕ್ಕೆ ಇಳಿಯುತ್ತಿತ್ತು. ಅದರ ಗಣಕದಲ್ಲಿ ಸ್ಥಿರವಾದ ಸ್ಮೃತಿ ೩೬,೮೬೪ ಪದಗಳಷ್ಟು, ಬದಲಾಯಿಸಬಹುದಾದ ಸ್ಮೃತಿ ಕೇವಲ ೨,೦೪೮ ಪದಗಳಷ್ಟು. ಇಂದಿನ ಅನೇಕ ಅಗ್ಗದ ಚಿಪ್ಪುಗಳಿಗೂ ಇದಕ್ಕಿಂತ ಹೆಚ್ಚು ಉಂಟು. ಇಳಿಯುವ ನಡುವೆ ೧೨೦೨ ಎಂಬ ಎಚ್ಚರಿಕೆಯ ಸಂಖ್ಯೆ ಮೂಡಿತು. ಬಳಿಕ ೧೨೦೧ ಮೂಡಿತು. ಆ ಗಳಿಗೆಯಲ್ಲಿ ಬೇಕಿಲ್ಲದ ಒಂದು ರೇಡಾರಿನ ಸಂಕೇತಗಳು ಗಣಕದ ಹೊತ್ತನ್ನು ಕದಿಯುತ್ತಿದ್ದವು. ಕೆಲಸಗಳು ಮುಗಿಯದೆ ಒಂದರ ಮೇಲೊಂದು ಬಿದ್ದು ಜಾಗವೇ ಸಾಲದಾಗಿತ್ತು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯದಲ್ಲಿ ಹಾಲ್‌ಕೂಂಬ್ ಲ್ಯಾನಿಂಗ್ ಎಂಬವರು ಆ ಗಣಕಕ್ಕೆ ಆದ್ಯತೆಯ ಪ್ರಕಾರ ಕೆಲಸ ಹಂಚುವ ವ್ಯವಸ್ಥೆಯನ್ನು ರೂಪಿಸಿದ್ದರು. ಕಷ್ಟ ಬಂದಾಗ ಅದು ತನ್ನನ್ನು ತಾನೇ ಮರಳಿ ಆರಂಭಿಸಿಕೊಂಡು, ಅಷ್ಟೇನೂ ಅವಶ್ಯವಲ್ಲದ ಕೆಲಸಗಳನ್ನು ಬಿಟ್ಟು, ನೌಕೆಯನ್ನು ನಡೆಸುವ ಕೆಲಸಗಳನ್ನು ಮಾತ್ರ ಎತ್ತಿಕೊಂಡಿತು. ನೌಕೆ ಕ್ಷೇಮವಾಗಿ ಇಳಿಯಿತು. ಎಲ್ಲವನ್ನೂ ಮಾಡಲಾಗದಿದ್ದಾಗ ಯಾವುದನ್ನು ಬಿಡಬೇಕೆಂದು ಮೊದಲೇ ನಿಶ್ಚಯಿಸಿರಬೇಕು, ಇದು ನಾವು ಕಲಿತ ಮೊದಲ ಪಾಠ.

ಎರಡನೆಯದು ಮಂಗಳಗ್ರಹದ ಪ್ರಸಂಗ. ೧೯೯೭ನೆಯ ಇಸವಿ ಜುಲೈ ೪ರಂದು ಪಾಥ್‌ಫೈಂಡರ್ ಎಂಬ ನೌಕೆ ಅಲ್ಲಿ ಇಳಿಯಿತು. ಅದರ ಗಣಕದಲ್ಲಿದ್ದುದು ವಿಎಕ್ಸ್‌ವರ್ಕ್ಸ್ ಎಂಬ ಹೆಸರಾಂತ ಸಕಾಲ ವ್ಯವಸ್ಥೆ. ಆದರೂ ಕೆಲವು ದಿನಗಳಲ್ಲಿ ಗಣಕವು ಇದ್ದಕ್ಕಿದ್ದಂತೆ ತಾನೇ ಮರುಚಾಲನೆಗೊಳ್ಳತೊಡಗಿತು. ಆಯಾ ದಿನದ ಉಳಿದ ಕೆಲಸ ಮರುದಿನಕ್ಕೆ ಬೀಳುತ್ತಿತ್ತು. ಕಾರಣವನ್ನು ನಮ್ಮ ಕೆರೆಯ ಮಾತಿನಲ್ಲಿಯೇ ಹೇಳುತ್ತೇವೆ. ತೂಬಿಗೆ ಒಂದೇ ಬೀಗದ ಕೈ. ಆತುರವಿಲ್ಲದ ಕಬ್ಬಿನವನು ಯಾವುದೋ ಸಣ್ಣ ಕೆಲಸಕ್ಕೆಂದು ಅದನ್ನು ತೆಗೆದುಕೊಂಡಿದ್ದಾನೆ. ಅವನನ್ನು ಇನ್ನೊಬ್ಬನು, ಅವನಿಗಿಂತ ತುಸು ದೊಡ್ಡವನು, ದಾರಿಯಲ್ಲಿ ಮಾತಿಗೆ ನಿಲ್ಲಿಸಿಕೊಂಡಿದ್ದಾನೆ. ಸಸಿಮಡಿ ಒಣಗುತ್ತಿರುವವನು ಎಲ್ಲರಿಗಿಂತ ಮೊದಲಿಗನಾಗಿದ್ದರೂ ಬೀಗದ ಮುಂದೆ ಕಾದು ನಿಂತಿದ್ದಾನೆ. ಪಾಥ್‌ಫೈಂಡರಿನಲ್ಲಿ ಕೈ ಹಿಡಿದಿದ್ದುದು ಹವಾಮಾನದ ಮಾಹಿತಿ ಕೂಡಿಸುವ ಕಿರಿಯ ಕೆಲಸ, ನಡುವೆ ಬಂದುದು ಸಂಪರ್ಕದ ಕೆಲಸ, ಕಾದು ನಿಂತದ್ದು ಮಾಹಿತಿಯ ಹೆದ್ದಾರಿಯನ್ನು ನೋಡಿಕೊಳ್ಳುವ ಹಿರಿಯ ಕೆಲಸ. ಹಿರಿಯ ಕೆಲಸವು ಗಡುವಿನೊಳಗೆ ಮುಗಿಯದಿದ್ದುದನ್ನು ಕಂಡು ವ್ಯವಸ್ಥೆಯು ಗಣಕವನ್ನು ಮರುಚಾಲನೆಗೊಳಿಸುತ್ತಿತ್ತು. ಇದಕ್ಕೆ ಆದ್ಯತೆಯ ವಿಪರ್ಯಯವೆಂದು ಹೆಸರು.

ಪರಿಹಾರವು ಮೊದಲೇ ತಿಳಿದದ್ದಾಗಿತ್ತು. ಲೂಯಿ ಶಾ, ರಾಜ್‌ಕುಮಾರ್, ಲೆಹೋಟ್ಸ್ಕಿ ಎಂಬ ಮೂವರು ೧೯೯೦ರಲ್ಲಿಯೇ ಅದನ್ನು ಪ್ರಬಂಧವಾಗಿ ಪ್ರಕಟಿಸಿದ್ದರು. ಕೈ ಯಾರಲ್ಲಿದೆಯೋ ಅವನಿಗೆ, ಅದನ್ನು ಹಿಂದಿರುಗಿಸುವ ತನಕ, ಕಾದು ನಿಂತ ಹಿರಿಯನ ಆದ್ಯತೆಯನ್ನೇ ಕೊಡಬೇಕು. ಆಗ ನಡುವಿನವನು ಅವನನ್ನು ತಡೆಯಲಾರ. ವಿಎಕ್ಸ್‌ವರ್ಕ್ಸ್‌ನಲ್ಲಿ ಈ ಅನುಕೂಲ ಇತ್ತು, ಆದರೆ ಆ ಒಂದು ಬೀಗಕ್ಕೆ ಅದನ್ನು ಚಾಲೂ ಮಾಡಿರಲಿಲ್ಲ. ಇಂಜಿನಿಯರುಗಳು ಭೂಮಿಯ ಮೇಲಿದ್ದ ತದ್ರೂಪಿ ಯಂತ್ರದಲ್ಲಿ ದೋಷವನ್ನು ಮರಳಿ ಹುಟ್ಟಿಸಿ, ಕಾರಣವನ್ನು ಹಿಡಿದು, ಮಂಗಳಕ್ಕೆ ತಿದ್ದುಪಡಿಯನ್ನು ಕಳುಹಿಸಿದರು. ಒಳ್ಳೆಯ ವ್ಯವಸ್ಥೆಯನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯದು, ಅದರ ಬೀಗಗಳ ನಡತೆಯನ್ನು ತಿಳಿದಿರಬೇಕು, ಇದು ಎರಡನೆಯ ಪಾಠ.

ಇಷ್ಟನ್ನು ತಿಳಿದ ಮೇಲೆ ಆರಿಸುವ ಬಗೆಯನ್ನು ಹೇಳುವುದು ಸುಲಭ. ಬಹುಮಂದಿ ಹೆಸರುಗಳ ಪಟ್ಟಿಯಿಂದ ಆರಂಭಿಸುತ್ತಾರೆ. ನಾವು ಹೇಳುವುದು, ಕೆಲಸಗಳ ಪಟ್ಟಿಯಿಂದ ಆರಂಭಿಸಿರಿ. ಒಂದು ಹಾಳೆಯ ಮೇಲೆ ಯಂತ್ರವು ಮಾಡಬೇಕಾದ ಪ್ರತಿಯೊಂದು ಕೆಲಸವನ್ನೂ ಬರೆಯಿರಿ. ಅದರ ಎದುರಿಗೆ, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಅತಿ ಹೆಚ್ಚೆಂದರೆ ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟರೊಳಗೆ ಮುಗಿಯಬೇಕು, ಮುಗಿಯದಿದ್ದರೆ ಏನಾಗುತ್ತದೆ ಎಂಬ ನಾಲ್ಕು ಅಂಕಣಗಳನ್ನು ತುಂಬಿರಿ. ನಾಲ್ಕನೆಯ ಅಂಕಣವೇ ಮುಖ್ಯ. ಒಂದರ ಎದುರಿಗೆ ‘ಮೋಟರು ಸುಡುತ್ತದೆ’ ಎಂದೂ, ಇನ್ನೊಂದರ ಎದುರಿಗೆ ‘ಸಂದೇಶ ತುಸು ತಡವಾಗುತ್ತದೆ’ ಎಂದೂ ಬರೆದ ಮರುಕ್ಷಣವೇ ಆದ್ಯತೆಯು ತಾನಾಗಿ ಎದ್ದು ಕಾಣುತ್ತದೆ.

ಲೆಕ್ಕಕ್ಕೆ ಆಧಾರವೂ ಉಂಟು. ೧೯೭೩ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎಂಬ ವಿದ್ವಾಂಸರು ಒಂದು ನಿಯಮವನ್ನು ಸಾಧಿಸಿ ತೋರಿಸಿದರು. ಕೆಲಸಗಳು ಒಂದನ್ನೊಂದು ಕಾಯದೆ ನಿಯತಕಾಲಕ್ಕೊಮ್ಮೆ ಬರುವಂಥವಾಗಿದ್ದು, ಪ್ರತಿಯೊಂದೂ ತನ್ನ ಮುಂದಿನ ಸರದಿ ಬರುವುದರೊಳಗೆ ಮುಗಿಯಬೇಕಾಗಿದ್ದು, ಹೆಚ್ಚು ಸಲ ಬರುವ ಕೆಲಸಕ್ಕೆ ಹೆಚ್ಚು ಆದ್ಯತೆಯನ್ನು ಕೊಟ್ಟರೆ, ಗಣಕದ ಹೊತ್ತಿನಲ್ಲಿ ನೂರಕ್ಕೆ ಸುಮಾರು ೬೯ರಷ್ಟನ್ನು ತುಂಬುವ ತನಕ ಯಾವ ಕೆಲಸವೂ ಗಡುವು ತಪ್ಪುವುದಿಲ್ಲ. ಸಕಾಲದ ಯಂತ್ರದಲ್ಲಿ ಸ್ವಲ್ಪ ಬಿಡುವು ಸೋಮಾರಿತನವಲ್ಲ, ಭದ್ರತೆ.

ಪಟ್ಟಿಯಾದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ: ನಮಗೆ ಸಕಾಲ ವ್ಯವಸ್ಥೆ ಬೇಕೇ? ಎರಡು ಮೂರು ಸಣ್ಣ ಕೆಲಸಗಳಿದ್ದು, ಯಾವುದೂ ಇನ್ನೊಂದನ್ನು ಕಾಯಿಸದಂತೆ ಬರೆಯಬಹುದಾದರೆ ಗಾಣದ ಸುತ್ತೇ ಸಾಕು. ಒಂದೇ ಗದ್ದೆಗೆ ನೀರುಗಂಟಿಯೇಕೆ? ಬೇಕೆಂದಾದರೆ ಎರಡನೆಯ ಪ್ರಶ್ನೆ: ಚಿಪ್ಪಿನಲ್ಲಿ ಎಷ್ಟು ಸ್ಮೃತಿಯುಂಟು? ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕವಾಗಿ ಸ್ಮೃತಿಯ ಪಾಲು ಬೇಕಾಗುತ್ತದೆ. ಕೆಲವೇ ಸಾವಿರ ಅಕ್ಷರಗಳಷ್ಟು ಸ್ಮೃತಿಯಿರುವಲ್ಲಿ ಫ್ರೀಆರ್‌ಟಿಒಎಸ್‌ನಂತಹ ಸಣ್ಣ ವ್ಯವಸ್ಥೆ ಹಿಡಿಯುತ್ತದೆ. ಲಿನಕ್ಸಿಗೆ ಕೋಟಿಗಟ್ಟಲೆ ಅಕ್ಷರಗಳ ಜಾಗ ಬೇಕು. ಚಿತ್ರ, ಜಾಲಸಂಪರ್ಕ, ದೊಡ್ಡ ಲೆಕ್ಕಗಳಿರುವ ಯಂತ್ರಕ್ಕೆ ಲಿನಕ್ಸು ಒಪ್ಪುತ್ತದೆ. ಅದಕ್ಕೆ ಸಕಾಲ ಗುಣವನ್ನು ಕೊಡುವ ತಿದ್ದುಪಡಿಗಳು ಬಹುಕಾಲ ಹೊರಗೇ ಇದ್ದು, ೨೦೨೪ರಲ್ಲಿ ೬.೧೨ನೆಯ ಆವೃತ್ತಿಯೊಂದಿಗೆ ಮೂಲದಲ್ಲಿಯೇ ಸೇರಿದವು.

ಮೂರನೆಯ ಪ್ರಶ್ನೆ: ಅತಿ ಕೆಟ್ಟ ಗಳಿಗೆಯಲ್ಲಿ ಅದರ ನಡತೆ ಹೇಗೆ? ಮಾರುವವರು ಸರಾಸರಿ ವೇಗವನ್ನು ಹೇಳುತ್ತಾರೆ. ಸಾವಿರಕ್ಕೆ ೯೯೯ ಸಲ ಕಣ್ಣುಮಿಟುಕಿಸುವುದರೊಳಗೆ ಉತ್ತರಿಸಿ ಒಂದು ಸಲ ಅರ್ಧ ಸೆಕೆಂಡು ತಡಮಾಡುವ ವ್ಯವಸ್ಥೆಗಿಂತ, ಸಾವಿರ ಸಲವೂ ಒಂದೇ ಮಿತಿಯೊಳಗೆ ಉತ್ತರಿಸುವ ನಿಧಾನಿಯೇ ಬ್ರೇಕಿಗೆ ಮೇಲು. ಬೀಗಗಳಿಗೆ ಆದ್ಯತೆಯನ್ನು ದಾಟಿಸುವ ಅನುಕೂಲವಿದೆಯೇ ಎಂಬುದನ್ನೂ ಇಲ್ಲಿಯೇ ನೋಡಬೇಕು.

ನಾಲ್ಕನೆಯ ಪ್ರಶ್ನೆ: ಪ್ರಮಾಣಪತ್ರ ಬೇಕೇ? ವಿಮಾನದ ತಂತ್ರಾಂಶಕ್ಕೆ ಡಿಒ-೧೭೮ಸಿ, ರಸ್ತೆಯ ವಾಹನಗಳಿಗೆ ಐಎಸ್‌ಒ ೨೬೨೬೨ ಎಂಬ ಕಟ್ಟಳೆಗಳುಂಟು. ಮನುಷ್ಯರ ಜೀವವು ಯಂತ್ರದ ಮೇಲೆ ನಿಂತಿರುವಲ್ಲಿ ವಿಎಕ್ಸ್‌ವರ್ಕ್ಸ್, ಕ್ಯೂಎನ್‌ಎಕ್ಸ್ ಮೊದಲಾದ ವ್ಯವಸ್ಥೆಗಳನ್ನು ಹಣ ಕೊಟ್ಟು ಕೊಳ್ಳುವುದು ಈ ಸಾಕ್ಷ್ಯಪತ್ರಗಳಿಗಾಗಿಯೇ. ತೋಟದ ಮೋಟರಿಗೆ ಅಷ್ಟು ವೆಚ್ಚ ಅನವಶ್ಯಕ.

ಐದನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆಯುತ್ತಾರೆ: ಹತ್ತು ಹದಿನೈದು ವರ್ಷಗಳ ಮೇಲೆ ಇದರ ಗತಿಯೇನು? ಯಂತ್ರವು ಅಷ್ಟು ಕಾಲ ದುಡಿಯುತ್ತದೆ, ಒಡೆಯರು ಮಾತ್ರ ಬದಲಾಗುತ್ತಾರೆ. ಕ್ಯೂಎನ್‌ಎಕ್ಸ್ ೨೦೧೦ರಲ್ಲಿ ಬ್ಲ್ಯಾಕ್‌ಬೆರಿ ಫೋನಿನವರ ಕೈಸೇರಿತು. ಥ್ರೆಡ್‌ಎಕ್ಸ್ ಎಂಬುದನ್ನು ೨೦೧೯ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, ಬಳಿಕ ೨೦೨೩ರಲ್ಲಿ ಅದನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸುವುದಾಗಿ ಸಾರಿತು. ರಿಚರ್ಡ್ ಬ್ಯಾರಿ ಎಂಬವರು ೨೦೦೩ರಲ್ಲಿ ಹೊರತಂದ ಫ್ರೀಆರ್‌ಟಿಒಎಸ್ ೨೦೧೭ರಲ್ಲಿ ಅಮೆಜಾನ್ ಕಂಪನಿಯ ಪೋಷಣೆಗೆ ಬಂತು. ೨೦೧೬ರಲ್ಲಿ ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಆರಂಭವಾದ ಜೆಫಿರ್ ಅನೇಕ ಸಂಸ್ಥೆಗಳ ಕೂಡು ಬೇಸಾಯ. ಮೂಲಲಿಪಿಯು ನಮ್ಮ ಕೈಯಲ್ಲಿದ್ದು, ಓದಿ ತಿದ್ದುವ ಹಕ್ಕು ನಮಗಿದ್ದರೆ, ಒಡೆಯರು ಬದಲಾದರೂ ನಮ್ಮ ಯಂತ್ರ ಅನಾಥವಾಗದು. ಫ್ರೀಆರ್‌ಟಿಒಎಸ್‌ಗೂ ಜೆಫಿರ್‌ಗೂ ಈ ಗುಣವುಂಟು.

ಕೊನೆಯ ಪ್ರಶ್ನೆ: ತಿಳಿದವರು ಹತ್ತಿರದಲ್ಲಿದ್ದಾರೆಯೇ? ನಡುರಾತ್ರಿ ಯಂತ್ರ ನಿಂತಾಗ ಕಾರಣವನ್ನು ಹುಡುಕಬಲ್ಲ ಒಬ್ಬ ಗೆಳೆಯನು, ನೂರು ಗುಣಗಳ ಜಾಹೀರಾತಿಗಿಂತ ಮೇಲು.

ನಮ್ಮ ಪಟ್ಟಿಯನ್ನು ಶಾಲೆಯ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದೆವು. ಇಂಗ್ಲಿಷಿನ ದೊಡ್ಡ ಪದಗಳ ಮರೆಯಲ್ಲಿ ನಮ್ಮ ಅಜ್ಞಾನವು ಅಡಗಿ ಕುಳಿತಿತ್ತು. ‘ಇದು ಯಾರಿಗೆ ಕಾಯುತ್ತದೆ? ಕಾಯುವಾಗ ಯಾರು ಕೆಡುತ್ತಾರೆ?’ ಎಂದು ಮನೆಯ ಮಾತಿನಲ್ಲಿ ಕೇಳಿಕೊಂಡಾಗ ಅದು ಹೊರಗೆ ಬಂತು. ವಿದ್ಯಾರ್ಥಿಗಳೇ, ಈ ಮಾತನ್ನು ನೀವು ಗಮನಿಸಬೇಕು. ಇಂಗ್ಲಿಷನ್ನು ಕಲಿಯದೆ ಈ ಕಸುಬು ಸಾಗದು, ಅದನ್ನು ಚೆನ್ನಾಗಿಯೇ ಕಲಿಯಿರಿ. ಆದರೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಂತಹ ವಿದ್ಯೆ ದಕ್ಕದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಹೊತ್ತನ್ನೂ ಸರದಿಯನ್ನೂ ಕುರಿತ ಈ ವಿದ್ಯೆಯ ತಿರುಳು ನಮ್ಮ ಕೆರೆಯ ಏರಿಯ ಮೇಲೆಯೇ ಇತ್ತು.

ನಾವು ಫ್ರೀಆರ್‌ಟಿಒಎಸ್ ಅನ್ನು ಆರಿಸಿದೆವು. ನಮ್ಮ ಚಿಪ್ಪು ಸಣ್ಣದು, ಮೂಲಲಿಪಿಯನ್ನು ಓದಬಹುದಾಗಿತ್ತು, ನಮ್ಮಲ್ಲಿ ಇಬ್ಬರು ಅದನ್ನು ಬಲ್ಲವರಾಗಿದ್ದರು. ಕರೆಂಟನ್ನು ಅಳೆದು ಮೋಟರನ್ನು ಕಾಯುವ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚಿನ ಆದ್ಯತೆ, ಗುಂಡಿಯೊತ್ತುವಿಕೆಗೆ ಅನಂತರ, ಸಂದೇಶಕ್ಕೆ ಎಲ್ಲಕ್ಕಿಂತ ಕೊನೆ. ಇನ್ನೂ ಒಂದು ಕೆಲಸ ಮಾಡಿದೆವು: ಅಂದು ಕಳಚಿಟ್ಟಿದ್ದ ರಿಲೇಯನ್ನು ಹುಡುಕಿ ಮತ್ತೆ ಅದರ ಜಾಗದಲ್ಲಿ ಕೂರಿಸಿದೆವು. ಎಂತಹ ನೀರುಗಂಟಿಯಾದರೂ ಒಂದು ದಿನ ನಿದ್ದೆಹೋಗಬಹುದು. ಅಂದಿಗೆ ಕೆರೆಗೊಂದು ಕೋಡಿ ಇರಬೇಕಾದುದು ನ್ಯಾಯ.

ಹೊಸ ಯಂತ್ರವನ್ನು ಹೊತ್ತುಕೊಂಡು ಅಳುಕುತ್ತಲೇ ತೋಟಕ್ಕೆ ಹೋದೆವು. ಚಿಕ್ಕಪ್ಪನವರು ನಮ್ಮ ವ್ಯವಸ್ಥೆಯ ಹೆಸರನ್ನು ಕೇಳಲಿಲ್ಲ, ಚಿಪ್ಪಿನ ವೇಗವನ್ನೂ ಕೇಳಲಿಲ್ಲ. ‘ಈ ಸಲ ಮೋಟರಿಗೆ ಮೊದಲೋ ಫೋನಿಗೆ ಮೊದಲೋ?’ ಎಂದು ಕೇಳಿದರು. ‘ಮೋಟರಿಗೆ, ಚಿಕ್ಕಪ್ಪ’ ಎಂದೆವು. ‘ಹಾಗಾದರೆ ಹಾಕಿ’ ಎಂದರು. ಅದು ಇಂದಿಗೂ ಕೆಲಸ ಮಾಡುತ್ತಿದೆ. ಸಕಾಲ ವ್ಯವಸ್ಥೆಯನ್ನು ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆಯನ್ನು ಅಂದು ಕೇಳಿದವರು ನಾವಲ್ಲ, ಅವರು.